ಪದಬಂಧದ ‘ಹರಿ’ ಕುದುರೆ ಹೇಗಾಯ್ತು?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಪದಬಂಧದಲ್ಲಿ ‘ಕುದುರೆ’ ಅಂತ ಸುಳಿವಿತ್ತು, ಎರಡೇ ಅಕ್ಷರ. ‘ಹಯ’ ಬರೆದೆ, ಮೇಲಿಂದ ಕೆಳಗಿನ ಪದ ಕೂರಲಿಲ್ಲ. ಉತ್ತರ ‘ಹರಿ’ಯಂತೆ! ನಿಘಂಟು ತೆಗೆದರೆ ಹರಿ ಅಂದರೆ ಸಿಂಹ, ಕೋತಿ, ಹಾವು ಕೂಡ. ಎಲ್ಲವೂ ಚುರುಕು ಪ್ರಾಣಿಗಳೇ. ನೀರು ಹರಿಯುತ್ತದಲ್ಲ, ಆ ‘ಹರಿ’ಯೇ ಇದು ಅಲ್ವಾ?

ಉತ್ತರ: ಊಹೆ ಚೆನ್ನಾಗಿದೆ, ಆದರೆ ಕಪ್ಪೆ ಅಡ್ಡ ಬರುತ್ತದೆ. ಸಂಸ್ಕೃತದ ಹಳೆಯ ಪದ್ಯ ನಿಘಂಟು ಅಮರಕೋಶ ಒಂದೇ ಶ್ಲೋಕದಲ್ಲಿ ಹರಿಗೆ 13 ಅರ್ಥ ಪೋಣಿಸಿದೆ. ಯಮ, ಗಾಳಿ, ಸೂರ್ಯ, ವಿಷ್ಣು, ಸಿಂಹ, ಕುದುರೆಯ ಜೊತೆ ಗಿಳಿ, ಕಪ್ಪೆಯೂ ಇವೆ. ಕಪ್ಪೆ ಯಾವ ಓಟಗಾರ ಹೇಳಿ?

ಗುಟ್ಟಿರೋದು ಶ್ಲೋಕದ ಬಾಲದಲ್ಲಿ: ‘ಕಪಿಲೇ ತ್ರಿಷು’. ಕಪಿಲ, ಅಂದರೆ ಕಂದು ಬಣ್ಣದ್ದು ಅನ್ನುವ ಅರ್ಥದಲ್ಲಿ ಹರಿ ಮೂರು ಲಿಂಗದಲ್ಲೂ ಬರುತ್ತದೆ ಅಂತ. ಸಂಸ್ಕೃತದ ಈ ಹರಿ ಬಣ್ಣದ ಮಾತು. ಹಳದಿ, ಕಂದು, ಹಸಿರು ಎಲ್ಲ ಅದರೊಳಗೆ. ಅರಿಶಿನದ ಹರಿದ್ರಾ, ಜಿಂಕೆಯ ಹರಿಣ ಅದೇ ಮನೆಯವು. ಋಗ್ವೇದದಲ್ಲಿ ಇಂದ್ರನ ಜೋಡಿ ಕುದುರೆಗಳನ್ನು ‘ಹರೀ’ ಅಂತಲೇ ಕರೆದಿದೆ. ನಮ್ಮಲ್ಲಿ ‘ಕೌಲೆ’ ಅಂದರೆ ಸಾಕು, ಹಸು ಅಂತ ಗೊತ್ತಾಗಲ್ವಾ? ಅದೂ ಕಪಿಲೆಯೇ, ಬಣ್ಣವೇ ಹೆಸರಾಗಿದ್ದು.

ಕನ್ನಡದ ಹರಿ ಬೇರೆ. ಹಳಗನ್ನಡದಲ್ಲಿ ಅದು ‘ಪರಿ’, ಓಡು ಅನ್ನುವ ಅರ್ಥವೂ ಇತ್ತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪರಿ ಹರಿಯಾಯಿತು. ಹಾವು ಹರಿದಾಡೋದು ಇದರಿಂದ.

ಆದರೂ ನಿಮ್ಮ ಊಹೆ ಪೂರ್ತಿ ಸುಳ್ಳಲ್ಲ, ಪಕ್ಕದ ಮನೆಯಲ್ಲಿ ನಿಜ. ತಮಿಳಿನಲ್ಲಿ ‘ಪರಿ’ ಅಂದರೆ ವೇಗ, ಕುದುರೆ ಎರಡೂ. ಶಿವ ತನ್ನ ಭಕ್ತ, ತಮಿಳು ಸಂತಕವಿ ಮಾಣಿಕ್ಕವಾಚಕರಿಗಾಗಿ ನರಿಗಳನ್ನು ಪರಿಗಳನ್ನಾಗಿ ಮಾಡಿದ ಅಂತ ಮಧುರೆಯ ಕಥೆ. ರಾತ್ರಿ ಅವು ಮತ್ತೆ ನರಿಗಳಾಗಿ ಊಳಿಟ್ಟವಂತೆ, ಪಾಂಡ್ಯ ರಾಜನ ಲಾಯದಲ್ಲೇ!

ಇನ್ನೊಬ್ಬರು: ಹಾಗಾದರೆ ‘ಹರಿಕಾರ’? ಓಡಿ ಸುದ್ದಿ ತರುವವನು ಅಂತಲ್ಲವಾ ಸಾರ್?

ಉತ್ತರ: ಓಡುತ್ತಿದ್ದ ನಿಜ, ಪದ ಮಾತ್ರ ಪಾರಸಿಯದು. ಹರ್ಕಾರಾ. ‘ಹರ್’ ಅಂದರೆ ಪ್ರತಿಯೊಂದು, ‘ಕಾರ್’ ಅಂದರೆ ಕೆಲಸ. ಈಗ ಸುಧಾರಣೆಯ ಹರಿಕಾರ ಅಂತ ಭಾಷಣದಲ್ಲಿ ಸಿಗುತ್ತಾನೆ.

ಪ್ರಶ್ನೆ ಕೇಳಿದವರು: ಹಾಗಾದರೆ ವೇಗದಿಂದಲೇ ಹೆಸರು ಬಂದ ಕುದುರೆ ಇಲ್ಲವೇ ಇಲ್ವಾ?

ಉತ್ತರ: ಇದೆ, ತುರಗ. ‘ತುರ’ ಅಂದರೆ ಬಿರುಸು, ‘ಗ’ ಅಂದರೆ ಹೋಗುವುದು. ಆದರೆ ಮೂರಕ್ಷರ, ನಿಮ್ಮ ಪದಬಂಧದಲ್ಲಿ ಕೂರಲ್ಲ.