ಒಂಬತ್ತು ವರ್ಷದ ಗುಂಪು, ಎರಡು ತಾಸಿನ ಕಾಳಗ: ನಿಮ್ಮಲ್ಲೆ ಯಾವ ನಿಯಮ ಬದಲಿಸೀರಿ?

ಕೇಳಿದವರು: ಧಾರವಾಡ, ಸಪ್ತಾಪುರ

ನಮಸ್ಕಾರ್ರಿ. ಕಾಲೇಜಿನ ಕಾಲದಿಂದ ನಾವು ಐದು ಮಂದಿ ಕೂಡಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ಡೈಸ್ ಉರುಳಿಸಿ ಕಥಿ ಕಟ್ಟೂ ಆಟ) ಆಡ್ಕೋತ ಬಂದೀವಿ, ಈಗ ಒಂಬತ್ತು ವರ್ಷ ಆತು. 2014ರ ಐದನೇ ಆವೃತ್ತಿ, ಡಿಎಂ (ಕಥಿ ನಡಸಿ ಶತ್ರುಗಳನ್ನ ಆಡಿಸಾಂವ) ನಾನ. ಮೊದಲ ವಾರಾ ವಾರಾ ಕೂಡತಿದ್ವಿ. ಈಗ ನೌಕರಿ, ಸಂಸಾರ ಅಂತ ತಿಂಗಳಿಗೆ ಒಂದ ರವಿವಾರ, ಅದೂ ನಾಕು ತಾಸು. ಹೋದ ಸಲ ಅದರಾಗ ಎರಡೂಕಾಲು ತಾಸು ಎಂಟು ಗಾಬ್ಲಿನ್ (ಸಣ್ಣ ರಾಕ್ಷಸರು) ಜೋಡಿ ಬಡಿದಾಡೂದರಾಗ ಹೋತು. ಕಥಿ ಎಲ್ಲಿತ್ತೋ ಅಲ್ಲೇ ಉಳೀತು. ನಿಯಮ ಬದಲಿಸಬೇಕು ಅನ್ನೂದು ಖರೆ, ಆದ್ರ ಯಾವುದು ಅನ್ನೂದಕ್ಕ ಒಮ್ಮತ ಇಲ್ಲ. ಒಬ್ಬಾಂವ ಫಂಬಲ್ ಪಟ್ಟಿ (ಡೈಸ್ 1 ಬಿದ್ರ ಆಗೂ ಅನಾಹುತದ ಪಟ್ಟಿ) ಬೇಕಂತಾನ, ಒಬ್ಬಾಕಿ ಫ್ಲ್ಯಾಂಕಿಂಗ್ (ಶತ್ರುವಿನ ಎರಡೂ ಬದಿಗೆ ನಿಂತ್ರ ಸಿಗೂ ಲಾಭ) ಬೇಕಂತಾಳ, ಪೋಶನ್ (ಗಾಯ ಮಾಯಿಸೂ ಮದ್ದು) ಕುಡಿಯೂದು ಬೋನಸ್ ಆಕ್ಷನ್ (ಏಟಿನ ಜೋಡಿ ಮಾಡಬಹುದಾದ ಸಣ್ಣ ಕೆಲಸ) ಆಗಲಿ ಅಂತ ಮೂರನೇದಾಂವ. ನಾಕನೇದಾಂವ, ನಮ್ಮೊಳಗ ಎಲ್ಲಾರಕಿಂತ ಹಳೇ ಗೆಳೆಯಾ, ಒಂದಕ್ಷರಾನೂ ಮುಟ್ಟಬ್ಯಾಡ್ರಿ ಅಂತ ಕೂತಾನ. ನಿಮ್ಮಲ್ಲೆ ಏನು ಹೊಂದಿತು, ಏನು ಕೆಟ್ಟಿತು, ಹೇಳ್ರಿ.

ಉತ್ತರ: ಹುಬ್ಬಳ್ಳಿ, ವಿದ್ಯಾನಗರ

ನಮ್ಮ ಗುಂಪಿಗೆ ಹನ್ನೆರಡು ವರ್ಷ. ಬದಲಿಸಿದ ನಿಯಮ ಬರೆದಿಡಲಿಕ್ಕೆ ನೂರು ಪುಟದ ವಹಿ ಇಟ್ಟಿದ್ದೇವೆ. ಅದರಲ್ಲಿ ಹೊಡೆದುಹಾಕಿದ ಸಾಲುಗಳೇ ಹೆಚ್ಚು. ಮೊದಲು ಕೆಟ್ಟದ್ದನ್ನೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಗೆಳೆಯರು ಕೇಳುತ್ತಿರುವುದೂ ಅದನ್ನೇ.

ಫಂಬಲ್ ಪಟ್ಟಿಯನ್ನು ನಾನೇ ಕೂತು ಬರೆದಿದ್ದೆ, ಇಪ್ಪತ್ತು ಸಾಲು. ಡಿ20ಯಲ್ಲಿ (ಇಪ್ಪತ್ತು ಮುಖದ ಡೈಸ್) 1 ಬಿದ್ದರೆ ಕತ್ತಿ ಕೈಜಾರುತ್ತದೆ, ಬಿಲ್ಲಿನ ಹೆದೆ ಹರಿಯುತ್ತದೆ, ಪಕ್ಕದವನಿಗೆ ಏಟು ಬೀಳುತ್ತದೆ. ಮೊದಲ ಎರಡು ಸೆಷನ್ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮಲ್ಲಿ ಒಬ್ಬ ಫೈಟರ್ (ಕತ್ತಿವೀರನ ಪಾತ್ರ) ಆಡುತ್ತಾನೆ. ಐದನೇ ಲೆವೆಲ್ ಮುಟ್ಟಿದ, ಒಂದು ಸುತ್ತಿನಲ್ಲಿ ಎರಡು ಏಟು ಹೊಡೆಯುವ ಅವಕಾಶ ಸಿಕ್ಕಿತು. ಲೆಕ್ಕ ಹಾಕಿ ನೋಡಿ: ಒಂದು ಏಟಿಗೆ 1 ಬೀಳುವ ಸಂಭವ ನೂರಕ್ಕೆ 5. ಎರಡು ಏಟಿನಲ್ಲಿ ಒಮ್ಮೆಯಾದರೂ ಬೀಳುವುದು 9.75. ಹನ್ನೊಂದನೇ ಲೆವೆಲ್‌ನಲ್ಲಿ ಮೂರು ಏಟು, ಆಗ 14 ದಾಟುತ್ತದೆ. ಇಪ್ಪತ್ತರಲ್ಲಿ ನಾಲ್ಕು ಏಟು, 18.5. ಅಂದರೆ ಅವನ ವೀರ ಪಳಗಿದಷ್ಟೂ ಕತ್ತಿ ಬೀಳಿಸುವುದು ಜಾಸ್ತಿ. ಪಕ್ಕದಲ್ಲಿ ಕೂತ ವಿಝರ್ಡ್ (ಮಾಂತ್ರಿಕಳು) ಫೈರ್‌ಬಾಲ್ ಒಗೆದರೆ ಡೈಸ್ ಉರುಳಿಸಿ ತಪ್ಪಿಸಿಕೊಳ್ಳಬೇಕಾದವರು ಶತ್ರುಗಳು. ಹಾಗಾಗಿ ಆಕೆಗೆ 1ರ ಭಯವೇ ಇಲ್ಲ.

ಈ ಲೆಕ್ಕ ನನಗೆ ಆಗ ಹೊಳೆದಿರಲಿಲ್ಲ. ಅವನೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ರವಿವಾರ ಮೊದಲ ಏಟು ಹೊಡೆದ, ತಾಗಿತು. ಎರಡನೇದಕ್ಕೆ ಡೈಸ್ ಎತ್ತಿಕೊಂಡ, ಅಂಗೈಯಲ್ಲಿ ಎರಡು ಸಲ ಆಡಿಸಿದ, ಆಮೇಲೆ ಮೆಲ್ಲಗೆ ಚುರುಮುರಿ ತಟ್ಟೆಯ ಪಕ್ಕ ಇಟ್ಟುಬಿಟ್ಟ. "ಇರಲಿ ಬಿಡು, ಒಂದ ಸಾಕು" ಅಂದ. ಲೆವೆಲ್ ಏರಿ ಗಳಿಸಿದ ಏಟನ್ನು ನನ್ನ ಪಟ್ಟಿಗೆ ಹೆದರಿ ಬಿಡುತ್ತಿದ್ದಾನೆ ಎಂದು ಆಗ ತಿಳಿಯಿತು. ಅಲ್ಲೇ ಪಟ್ಟಿ ಹೊಡೆದುಹಾಕಿದೆ. ನಾಲ್ಕು ತಿಂಗಳು ಅವನು ಸುಮ್ಮನಿದ್ದದ್ದು ಈಗಲೂ ನನಗೆ ಸಂಕಟ. ಹಳೇ ಗೆಳೆಯರು ಹೀಗೇ ರೀ, ಆಟ ಕೆಡಬಾರದು ಎಂದು ತಮ್ಮ ನೋವು ನುಂಗುತ್ತಾರೆ. ಅದಕ್ಕೇ ಯಾವ ನಿಯಮ ತಂದರೂ ಅದರ ಹೊರೆ ಟೇಬಲ್‌ನಲ್ಲಿ ಯಾರ ತಲೆಗೆ ಬೀಳುತ್ತದೆ ಎಂದು ಮೊದಲು ನೋಡಿ, ಅವರನ್ನು ಮೊದಲು ಕೇಳಿ.

ಫ್ಲ್ಯಾಂಕಿಂಗ್‌ಗೂ ಇದೇ ಮಾತು. ಪುಸ್ತಕದ ಐಚ್ಛಿಕ ನಿಯಮದಲ್ಲಿ ಶತ್ರುವಿನ ಎರಡೂ ಬದಿಗೆ ನಿಂತರೆ ಅಡ್ವಾಂಟೇಜ್, ಅಂದರೆ ಎರಡು ಡಿ20 ಉರುಳಿಸಿ ಹೆಚ್ಚಿನದನ್ನು ಹಿಡಿಯುವುದು. ಏಟು ತಾಗಲು 11 ಬೇಕಾದಲ್ಲಿ ನೂರಕ್ಕೆ 50 ಇದ್ದ ಸಂಭವ 75 ಆಗುತ್ತದೆ, ಕ್ರಿಟ್ (20 ಬಿದ್ದು ದುಪ್ಪಟ್ಟು ಡೈಸಿನ ಏಟು) 5ರಿಂದ 9.75. ಇಷ್ಟು ಸುಲಭಕ್ಕೆ ಸಿಕ್ಕರೆ ಮೈಮೇಲಿನ ಎಚ್ಚರ ಬಿಟ್ಟು ನುಗ್ಗಿ ಅಡ್ವಾಂಟೇಜ್ ಗಳಿಸುವ ಕಾಡುವೀರ ಬಾರ್ಬೇರಿಯನ್‌ಗೆ ಏನು ಉಳಿಯಿತು? ಮೇಲಾಗಿ ಎಂಟು ಗಾಬ್ಲಿನ್‌ಗಳೂ ಸುತ್ತುವರಿಯುತ್ತವೆ. ನಾವು ಅಡ್ವಾಂಟೇಜ್ ಬದಲು ಡೈಸಿಗೆ +2 ಮಾಡಿಕೊಂಡೆವು. 50 ಇದ್ದದ್ದು 60 ಆಗುತ್ತದೆ. ಜಾಗ ನೋಡಿ ನಿಲ್ಲುವ ಖುಷಿ ಉಳಿಯಿತು, ಯಾರ ಕಸುಬೂ ಹೋಗಲಿಲ್ಲ.

ಈಗ ನಿಮ್ಮ ನಿಜವಾದ ತಾಪತ್ರಯ, ಹೊತ್ತು. ಅದಕ್ಕೆ ಈ ಮೂರೂ ನಿಯಮ ಮದ್ದಲ್ಲ. ಫಂಬಲ್ ಪಟ್ಟಿಯಂತೂ ಇನ್ನಷ್ಟು ತಡ ಮಾಡುತ್ತದೆ. ನಮಗೆ ಹೊತ್ತು ಉಳಿಸಿದ್ದು ಸಣ್ಣ ಕೆಲಸಗಳು. ಏಟಿನ ಡಿ20 ಮತ್ತು ಡ್ಯಾಮೇಜ್ ಡೈಸ್ ಒಟ್ಟಿಗೇ ಉರುಳಿಸುವುದು. ಶತ್ರುಗಳ ಡ್ಯಾಮೇಜ್ ಉರುಳಿಸದೆ ಸರಾಸರಿ ಹಿಡಿಯುವುದು. ಗಾಬ್ಲಿನ್ ಕತ್ತಿಗೆ 5 ಎಂದು ಪುಸ್ತಕದಲ್ಲೇ ಅಚ್ಚಾಗಿದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಮೇಲೆ ಹೆಸರು ಬರೆದು ಡಿಎಂ ಪರದೆಗೆ ಸಿಕ್ಕಿಸುತ್ತೇನೆ, ಸರದಿ ಎಲ್ಲರ ಕಣ್ಣೆದುರು. "ಈಗ ನಿಂದು, ಮುಂದ ಆಕಿದು" ಎಂದು ಇಬ್ಬರ ಹೆಸರೂ ಕರೆಯುವುದು. ಈ ಕೊನೆಯದೊಂದರಿಂದಲೇ ಅರ್ಧ ವಿಳಂಬ ಹೋಯಿತು.

ಇನಿಶಿಯೇಟಿವ್ (ಯಾರ ಸರದಿ ಮೊದಲು ಎಂಬುದು) ಕೂಡ ಬದಲಿಸಿದೆವು. ಎರಡೂ ಪಕ್ಷ ಒಂದೊಂದು ಡಿ20 ಉರುಳಿಸಿ, ಗೆದ್ದ ಪಕ್ಷ ಪೂರ್ತಿ ಮೊದಲು ಆಡುವುದು ಡಿಎಂ ಗೈಡ್‌ನಲ್ಲೇ ಇದೆ. ಆದರೆ ಮೊದಲ ಎರಡು-ಮೂರು ಲೆವೆಲ್‌ನಲ್ಲಿ ಶತ್ರು ಪಕ್ಷ ಗೆದ್ದರೆ ನಮ್ಮವರು ಕತ್ತಿ ಹಿರಿಯುವ ಮೊದಲೇ ಇಬ್ಬರು ನೆಲಕ್ಕೆ. ಈಗ ಹೀಗೆ: ಎಲ್ಲರೂ ಎಂದಿನಂತೆ ಉರುಳಿಸುತ್ತಾರೆ, ಶತ್ರುಗಳಿಗೆಲ್ಲ ಸೇರಿ ಒಂದೇ ಸಂಖ್ಯೆ. ಅದನ್ನು ಮೀರಿದವರು ಮೊದಲು, ಆಮೇಲೆ ಶತ್ರುಗಳು, ಆಮೇಲೆ ನಮ್ಮವರೆಲ್ಲ ತಮಗೆ ಬೇಕಾದ ಕ್ರಮದಲ್ಲಿ. ಚುರುಕಿನ ಪಾತ್ರ ಕಟ್ಟಿದವರಿಗೆ ಅದರ ಫಲ ಸಿಗುತ್ತದೆ.

ಅಜ್ಜಿಯ ಮನೆಯಲ್ಲಿ ಚೌಕಾಬಾರ ಹಾಕಿದಾಗ ಕವಡೆ ಕೈಗೆ ತಗೊಳ್ಳುವ ಮೊದಲು ಕೇಳುವ ಪ್ರಶ್ನೆ ಒಂದೇ: "ನಿಮ್ಮ ಮನ್ಯಾಗ ಹೆಂಗ?" ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೋ ಇಲ್ಲವೋ, ಮನೆಗೊಂದು ಕಟ್ಟಳೆ. ಕೂಡುವ ಮೊದಲು ತೀರ್ಮಾನ, ನಡುವೆ ತಕರಾರಿಲ್ಲ. ನಾವೂ ಹಾಗೇ ಮಾಡುತ್ತೇವೆ. ಕಾಳಗದ ನಡುವೆ ಡಿಎಂ ಮಾತು ಆ ಹೊತ್ತಿಗೆ ಕೊನೆ, ಚರ್ಚೆ ಏನಿದ್ದರೂ ಕಾಳಗ ಮುಗಿದ ಮೇಲೆ, ಚಹಾದ ಜೋಡಿ. ಹೊಸ ನಿಯಮ ಒಮ್ಮೆಗೆ ಒಂದೇ, ಮೂರು ಸೆಷನ್ ಪರೀಕ್ಷೆ, ಆಮೇಲೆ ವಹಿಗೆ.

ಉತ್ತರ: ಗದಗ

ಅಣ್ಣಾರು ಎಲ್ಲಾ ಹೇಳ್ಯಾರ, ಒಂದು ಬಿಟ್ಟಾರ. ಶತ್ರು ಕಡೀ ಎಚ್‌ಪಿ (ಜೀವದ ಅಂಕ) ತನಕ ಯಾಕ ಬಡಿದಾಡಬೇಕು? ಇದ ಆಟದ 1981ರ ಬೇಸಿಕ್ ಆವೃತ್ತಿಯೊಳಗ ಮೊರಾಲ್ (ಬಡಿದಾಡೂ ಧೈರ್ಯ) ಅಂತ ಇತ್ತು. ಪ್ರತಿ ಪ್ರಾಣಿಗೂ 2ರಿಂದ 12ರ ಒಳಗ ಒಂದು ಸಂಖ್ಯೆ. ಮೊದಲನೇ ಸಾವು ಆದಾಗ ಒಮ್ಮೆ, ಅರ್ಧ ಮಂದಿ ಬಿದ್ದಾಗ ಒಮ್ಮೆ ಎರಡು ಡಿ6 ಉರುಳಿಸೂದು. ಸಂಖ್ಯೆ ಮೀರಿದ್ರ ಓಡತಾವು ಇಲ್ಲಾ ಶರಣಾಗತಾವು.

ನಮ್ಮ ಕಥಿ ಲಕ್ಕುಂಡಿ ಮುಸುಕಿನ ಬಾವಿಯಂಥಾ ಒಂದು ಬಾವ್ಯಾಗ ನಡದಿತ್ತು. ಮೆಟ್ಟಲ ಮ್ಯಾಲೆ ಆರು ಕಳ್ಳರು, ಮೊರಾಲ್ 8. ಮೂರನೇದಾಂವ ಬಿದ್ದ, 9 ಬಂತು. ಉಳಿದ ಮೂವರು ಪಣತಿ ಅಲ್ಲೇ ಒಗದು ಮೆಟ್ಟಲ ಹತ್ತಿ ಓಡಿದ್ರು. ಕಾಳಗ ಇಪ್ಪತ್ತು ನಿಮಿಷಕ್ಕ ಮುಗೀತು. ಆದ್ರ ಖರೆ ಆಟ ಆಮ್ಯಾಲೆ ಚಾಲೂ ಆತು: ಬೆನ್ನ ಹತ್ತೂದೋ, ಬಿಡೂದೋ, ಊರಿಗೆ ಹೋಗಿ ಅವರು ಯಾರಿಗೆ ಹೇಳತಾರೋ. ಅನುಭವದ ಅಂಕ ಪೂರ್ತಿ ಕೊಡ್ರಿ, ಇಲ್ಲಾಂದ್ರ ಅಂಕದ ಆಶಾಕ್ಕ ಓಡೋರನ್ನ ಅಟ್ಟಿಸ್ಕೊಂಡು ಹೋಗಿ ಕೊಲ್ಲೂದು ರೂಢಿ ಆಗತೈತಿ.

ಉತ್ತರ: ಹಾವೇರಿ

ನಮ್ಮ ಕಡೆ ದೀಪಾವಳಿ ಆದಮ್ಯಾಲೆ ಹೋರಿ ಹಬ್ಬ. ಓಡೋ ಹೋರಿ ಕೊಳ್ಳಾಗಿನ ಕೊಬ್ಬರಿ ಹರೀಬೇಕು, ಅದರ ಮೈಗೆ ಏಟು ಹಾಕೂದಲ್ಲ. ಯಾರ ಕೈಗೂ ಸಿಗಲಾರದ ಹೋದ್ರ ಹೋರಿ ಗೆದ್ದಂಗ. ಅದನ್ನ ನಾವು ಕಾಳಗಕ್ಕ ತಂದೀವಿ. ಪ್ರತಿ ಕಾಳಗಕ್ಕೂ ಒಂದು "ಕೊಬ್ಬರಿ" ಇರಬೇಕು: ಸೇನಾಪತಿ ಸೊಂಟದ ಕೀಲಿ, ಗಾಡಿಯೊಳಗಿನ ಮಗು, ಸೇತುವೆಯ ಹಗ್ಗ. ಅದು ಕೈಗೆ ಬಂದ್ರ, ಇಲ್ಲಾ ಕೈ ತಪ್ಪಿದ್ರ, ಕಾಳಗ ಅಲ್ಲಿಗೇ ಮುಗೀತು. ಹೊಸ ನಿಯಮ ಬರೆಯೂ ಗೋಜಿಲ್ಲ, ಪುಸ್ತಕದ ಗ್ರ್ಯಾಪಲ್ (ಹಿಡಕೊಳ್ಳೂದು), ಶವ್ (ನೂಕೂದು) ಅಷ್ಟ ಸಾಕು. ಹೊಡೆಯೂದು ಬಿಟ್ಟು ಬ್ಯಾರೆ ಏನೂ ಮಾಡದವರೂ ಜಾಗಾ ಬಿಟ್ಟು ಎದ್ದು ಓಡಾಕ ಹತ್ತಿದ್ರು.

ಉತ್ತರ: ಧಾರವಾಡ, ಮಾಳಮಡ್ಡಿ

ತಮ್ಮಾ, ಬ್ಯಾಡ ಅನ್ನೋ ನಿನ್ನ ಗೆಳೆಯನ ಬಗ್ಗೆ ಎರಡು ಮಾತು. ನಮ್ಮ ಗುಂಪಿನಾಗ ಆ ಬ್ಯಾಡ ಅನ್ನಾಕಿ ನಾನ ಇದ್ದೆ. ಇಂಗ್ಲಿಷ್ ಪುಸ್ತಕ ತಿಂಗಳಗಟ್ಟಲೆ ಓದಿ ನಿಯಮ ಬಾಯಿಪಾಠ ಮಾಡಿದ್ದೆ. ಬಾಯಿಮಾತಿನಾಗ ಬದಲಾತು ಅಂದ್ರ ನನ್ನ ಕೈಯಾಗಿನ ದಾರನ ಕಸಕೊಂಡಂಗ ಆಗತಿತ್ತು. ಬದಲಿಸಿದ್ದನ್ನೆಲ್ಲಾ ಕನ್ನಡದಾಗ ಒಂದ ಹಾಳಿ ಮ್ಯಾಲೆ ಬರದು ಕೊಟ್ಟರು, ನನ್ನ ಸಿಟ್ಟು ಇಳೀತು. 2023ರ ಜನವರಿಯಿಂದ ಐದನೇ ಆವೃತ್ತಿಯ ಮೂಲ ನಿಯಮ, ಅಂದ್ರ ಎಸ್‌ಆರ್‌ಡಿ 5.1, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯೊಳಗ ಅದ. ಮೂಲದ ಹೆಸರು ಹೇಳಿ ಯಾರು ಬೇಕಾದ್ರೂ ಅನುವಾದ ಮಾಡಬಹುದು, ತಿದ್ದಬಹುದು.

ಪುಸ್ತಕ ಕಲ್ಲಿನ ಮ್ಯಾಲಿನ ಶಾಸನ ಅಲ್ಲ ಅಂತ ಆತಗ ಸಮಾಧಾನದಿಂದ ಹೇಳು. 1974ರಾಗ ಈ ಆಟ ಹುಟ್ಟಿದ್ದ ಹಂಗ. 1971ರ ಚೈನ್‌ಮೇಲ್ ಅನ್ನೋ ಯುದ್ಧದಾಟದ ನಿಯಮ ಡೇವ್ ಆರ್ನೆಸನ್ ಗುಂಪು ತಮಗ ಬೇಕಾದಂಗ ಬದಲಿಸ್ಕೋತ ಹೋತು, ಅದರಿಂದ ಬಂತು. ಪೋಶನ್ ಕುಡಿಯೂದು 2014ರಾಗ ಪೂರಾ ಆಕ್ಷನ್ ಇತ್ತು. ಮಂದಿ ಮನೀಮನ್ಯಾಗ ಅದನ್ನ ಬೋನಸ್ ಆಕ್ಷನ್ ಮಾಡಿಕೊಂಡ್ರು. 2024ರ ಪುಸ್ತಕದಾಗ ಅದ ಅಚ್ಚಾತು. ಆದ್ರ ವಾದ ಗೆಲ್ಲಾಕಂತ ಇದನ್ನ ಹೇಳಬ್ಯಾಡ. ಮೊದಲ ಕೇಳು, ಯಾವ ನಿಯಮ ಬದಲಾದ್ರ ನಿನಗ ಏನು ಹೋಗತದ ಅಂತ.

ಕೇಳಿದವರು: ಧಾರವಾಡ, ಸಪ್ತಾಪುರ

ಎಲ್ಲಾರಿಗೂ ಮನಸಿನಿಂದ ಧನ್ಯವಾದ. ಅಕ್ಕಾರು ಹೇಳಿದಂಗ ಗೆಳೆಯಾಗ ಫೋನ್ ಹಚ್ಚಿ ಅದನ್ನ ಕೇಳಿದೆ. ಸ್ವಲ್ಪೊತ್ತು ಸುಮ್ಮನಿದ್ದು ಅಂದ: "ನಾ ಕ್ಲೆರಿಕ್, ಗಾಯ ಮಾಯಿಸಾಂವ, ಅಲ್ಲೇನೋ. ಎಲ್ಲಾರೂ ಏಟು ಹೊಡಕೋತ ಪೋಶನ್ ಕುಡದ್ರ, ನಾ ಟೇಬಲ್ ಮ್ಯಾಲೆ ಯಾಕ ಬೇಕು?" ಒಂಬತ್ತು ವರ್ಷ ನಮ್ಮನ್ನ ಬದುಕಿಸಿದಾಂವ ಅಂವ. ನನಗ ಹೊಳದಿದ್ದಿಲ್ಲ. ಪೋಶನ್ ನಿಯಮ ಇದ್ದಂಗ ಬಿಟ್ವಿ. ಫಂಬಲ್ ಪಟ್ಟಿ ಕೇಳಿದಾಂವ ಆ ಫೈಟರ್ ಸುದ್ದಿ ಓದಿ ತಾನ ಬ್ಯಾಡ ಅಂದ. ಫ್ಲ್ಯಾಂಕಿಂಗ್ +2 ಆಕಿಗೆ ಒಪ್ಪಿಗಿ ಅದ, ಆದ್ರ ಒಮ್ಮೆಗೆ ಒಂದ ಅಂತ ಅದನ್ನ ಆಮ್ಯಾಲೆ ಇಟ್ವಿ.

ಈ ರವಿವಾರ ಮೊರಾಲ್ ಒಂದ ಪರೀಕ್ಷಾ ಮಾಡಿದ್ವಿ, ಅದರ ಜೋಡಿ ಸರದಿಯ ಕ್ಲಿಪ್ಪು. ಏಳು ಗಾಬ್ಲಿನ್, ಒಬ್ಬ ಸರದಾರ. ನಾಕು ಬಿದ್ದಮ್ಯಾಲೆ ಉಳಿದಾವು ಓಡಿದ್ವು. ಫೋನಿನಾಗ ಹೊತ್ತು ನೋಡಿದ್ರ ಐವತ್ತೆರಡು ನಿಮಿಷ. ಗಾಯ ಆಗಿ ಬಿದ್ದ ಒಂದು ಗಾಬ್ಲಿನ್‌ನ ಕ್ಲೆರಿಕ್ ಎಬ್ಬಿಸಿ ಕೂಡಿಸಿದ, ಅದರ ಬಾಯಿಂದ ಊರಿನ ಸುದ್ದಿ ಎಲ್ಲಾ ಹೊರಗ ಬಂತು. ಮನೀಗೆ ಹೋಗೂ ಮುಂದ ಹೊಸಾ ವಹಿ ಆ ಗೆಳೆಯಾ ತಾನ ತಗೊಂಡು, ಮೊದಲನೇ ಹಾಳಿ ಮ್ಯಾಲೆ ಮೊರಾಲ್ ನಿಯಮ ಪೆನ್ಸಿಲ್‌ಲೆ ಬರದಾನ, ಮಗ್ಗಲಕ್ಕ "ಪರೀಕ್ಷಾ 1/3" ಅಂತ. ಮುಂದಿನ ತಿಂಗಳು ಹಾವೇರಿಯವರ ಕೊಬ್ಬರಿಯೂ ಇಡಾಕತ್ತೀನಿ, ಹೆಂಗಾತು ಅಂತ ಬಂದು ಹೇಳತೀನಿ.