ಟ್ರಾನ್ಸ್‌ಫಾರ್ಮರ್ ಬದಲಿಸಿದ ಮೇಲೆ ವಾಲ್ವ್ ಆಂಪ್ ಕಿರುಚುತ್ತಿದೆ, ಅನುಭವವಿದ್ದವರು ಹೇಳಿ

ಕೇಳಿದವರು, ಬೆಳಗಾವಿಯ ಟಿಳಕವಾಡಿಯಿಂದ:

ಫೆಂಡರ್ ಕಂಪನಿಯ ಚಾಂಪ್ ಆಂಪಿನ 5ಎಫ್1 ಸರ್ಕೀಟ್ ನೋಡಿಕೊಂಡು ಯಾರೋ ಕೈಯಾರೆ ಕಟ್ಟಿದ ಪುಟ್ಟ ಗಿಟಾರ್ ಆಂಪ್ ನನ್ನ ಬಳಿ ಇದೆ. ಮೂರು ವಾಲ್ವ್ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಕೊಳವೆ): ಸಣ್ಣ ಸಿಗ್ನಲ್ ಹಿಗ್ಗಿಸುವ, ಒಂದೇ ಗಾಜಿನೊಳಗೆ ಎರಡು ಅರ್ಧವಿರುವ 12ಎಎಕ್ಸ್7, ಸ್ಪೀಕರ್ ದುಡಿಸುವ ಔಟ್‌ಪುಟ್ ವಾಲ್ವ್ 6ವಿ6, ಎಸಿಯನ್ನು ಡಿಸಿ ಮಾಡುವ 5ವೈ3. ಎಂಟು ಇಂಚಿನ ಸ್ಪೀಕರ್. ಐದು ವ್ಯಾಟ್, ಅಷ್ಟೇ. ಕ್ಯಾಂಪ್ ಕಡೆಯ ಹಿರಿಯ ಗಿಟಾರ್ ವಾದಕರೊಬ್ಬರಿಂದ ಕೊಂಡದ್ದು. ಕಳೆದ ತಿಂಗಳು ಅದರಲ್ಲಿ 6ವಿ6 ಮತ್ತು ಸ್ಪೀಕರ್ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಪೇಟೆಯ ರಿವೈಂಡಿಂಗ್ ಅಂಗಡಿಯಲ್ಲಿ ಮತ್ತೆ ಸುತ್ತಿಸಿಕೊಂಡು ಬಂದು ನಾನೇ ಕೂರಿಸಿದೆ. ಬಿಚ್ಚಿದ್ದೇ ಬಿಚ್ಚಿದೆ ಎಂದು ಡಿಸಿಯನ್ನು ನಯಗೊಳಿಸುವ ಫಿಲ್ಟರ್ ಕಂಡೆನ್ಸರ್‌ಗಳನ್ನೂ ಹೊಸದು ಹಾಕಿದೆ. ಈಗ ಸ್ವಿಚ್ ಹಾಕಿ ವಾಲ್ವ್ ಬಿಸಿಯಾಗುತ್ತಿದ್ದಂತೆ ಕಿವಿ ಹರಿಯುವ ಹಾಗೆ ಕೀಂ ಎನ್ನುತ್ತದೆ. ಗಿಟಾರ್ ಸಿಕ್ಕಿಸದಿದ್ದರೂ ಅದೇ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಅದೇ. ಮೂರು ಬೇರೆ ಬೇರೆ 12ಎಎಕ್ಸ್7 ಹಾಕಿ ನೋಡಿದೆ, ಪ್ರಯೋಜನವಿಲ್ಲ. ಮನೆಯವರು ಆಂಪನ್ನು ಮಹಡಿಗೆ ಸಾಗಿಸಿದ್ದಾರೆ.

ವಿಜಯಪುರದಿಂದ:

ಕಿರುಚಾಟ ಆಮೇಲೆ, ಮೊದಲು ನಿಮ್ಮ ಕೈಯ ವಿಷಯ. ಪ್ಲಗ್ ಕಿತ್ತಿಟ್ಟ ಮೇಲೂ ಆ ಕಂಡೆನ್ಸರ್‌ಗಳಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಕುಳಿತಿರಬಹುದು. ನಾನು ಒಮ್ಮೆ ಔಟ್‌ಪುಟ್ ವಾಲ್ವ್ ತೆಗೆದಿಟ್ಟು ವೋಲ್ಟೇಜ್ ಅಳೆದು, ಆಫ್ ಮಾಡಿ, ಊಟ ಮುಗಿಸಿ ಬಂದು ಕೈ ಹಾಕಿದೆ. ವಾಲ್ವ್ ಇಲ್ಲದ್ದರಿಂದ ಚಾರ್ಜ್ ಇಳಿದುಹೋಗಲು ದಾರಿಯೇ ಇರಲಿಲ್ಲ. ಸ್ಕ್ರೂಡ್ರೈವರ್ ಒಂದು ಮೂಲೆಗೆ, ನಾನು ಇನ್ನೊಂದು ಮೂಲೆಗೆ. ಅಂದಿನಿಂದ 10 ಕಿಲೋಓಮ್, 5 ವ್ಯಾಟ್‌ನ ರೆಸಿಸ್ಟರ್‌ಗೆ ಕ್ಲಿಪ್ ಕಟ್ಟಿ ಇಟ್ಟುಕೊಂಡಿದ್ದೇನೆ. ಕಂಡೆನ್ಸರ್‌ನಿಂದ ಷಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ) ಅದನ್ನು ಕೆಲವು ಸೆಕೆಂಡು ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಒಳಗೆ.

ರಿಪೇರಿಯ ಬಳಿಕ ಮೊದಲ ಸಲ ಆನ್ ಮಾಡುವಾಗ ಒಂದು 60 ವ್ಯಾಟ್ ಬಲ್ಬನ್ನು ಆಂಪಿಗೆ ಹೋಗುವ ಕರೆಂಟಿನ ದಾರಿಯಲ್ಲಿ, ಅಂದರೆ ಸೀರೀಸ್‌ನಲ್ಲಿ, ಸೇರಿಸಿ. ಎಲ್‌ಇಡಿ ನಡೆಯುವುದಿಲ್ಲ, ಹಳೆಯ ತಂತಿಯ ಬಲ್ಬೇ ಬೇಕು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದು ತಿಳಿಯಿರಿ. ಸ್ಪೀಕರ್ ಸಿಕ್ಕಿಸದೆ ಮಾತ್ರ ಎಂದಿಗೂ ಆನ್ ಮಾಡಬೇಡಿ, ಸುತ್ತಿಸಿದ ಟ್ರಾನ್ಸ್‌ಫಾರ್ಮರ್ ಮತ್ತೆ ಅಂಗಡಿ ಸೇರುತ್ತದೆ. ಅರ್ಥಿಂಗ್ ಕೂಡ ನೋಡಿಕೊಳ್ಳಿ. ನಮ್ಮೂರಿನ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ಬಿರಿಯುತ್ತದೆ, ತಿಂಗಳಿಗೆರಡು ಸಲ ಕೊಡ ನೀರು ಸುರಿಯುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ.

ಬೆಳಗಾವಿಯ ಶಹಾಪುರದಿಂದ:

ಒಳಗಿನ ತಂತಿಗಳನ್ನು ಒಣಗಿದ ಬಿದಿರು ಕಡ್ಡಿಯಿಂದ ಅತ್ತಿತ್ತ ಸರಿಸಿ ನೋಡಿ. 6ವಿ6ನಿಂದ ಸಿಗ್ನಲ್ ಹೊರಬರುವ ಪ್ಲೇಟ್ ತಂತಿ, ಒಳಹೋಗುವ ಗ್ರಿಡ್ ತಂತಿಯ ಪಕ್ಕದಲ್ಲೇ ಹಾದುಹೋದರೂ ಹೀಗೆ ಕೂಗುತ್ತದೆ. ನನ್ನದರಲ್ಲಿ ಇದ್ದದ್ದು ಅಷ್ಟೇ.

ಬಾಗಲಕೋಟೆಯ ನವನಗರದಿಂದ:

ತಂತಿ ಸರಿಸುವ ಮೊದಲು ಇದನ್ನು ಓದಿ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಕಿರುಚುತ್ತದೆ ಎಂದಿರಲ್ಲ, ರೋಗದ ವಿಳಾಸ ಆ ಮಾತಿನಲ್ಲೇ ಇದೆ. ವಾಲ್ಯೂಮ್‌ಗಿಂತ ಹಿಂದೆ ಹುಟ್ಟಿದ ಸದ್ದಾಗಿದ್ದರೆ ಸೊನ್ನೆಯಲ್ಲಿ ಸತ್ತಿರುತ್ತಿತ್ತು. ಹಾಗಾದರೆ ಉಳಿದದ್ದು 12ಎಎಕ್ಸ್7ನ ಎರಡನೇ ಅರ್ಧ, 6ವಿ6 ಮತ್ತು ನೀವು ಕೈಯಾಡಿಸಿದ ಟ್ರಾನ್ಸ್‌ಫಾರ್ಮರ್.

5ಎಫ್1ನಲ್ಲಿ ಸ್ಪೀಕರ್ ತಂತಿಯಿಂದ 22 ಕಿಲೋಓಮ್ ರೆಸಿಸ್ಟರ್ ಮೂಲಕ ಒಂದಿಷ್ಟು ಸಿಗ್ನಲ್ ಆ ಎರಡನೇ ಅರ್ಧದ ಕ್ಯಾಥೋಡ್‌ಗೆ (ವಾಲ್ವಿನೊಳಗೆ ಎಲೆಕ್ಟ್ರಾನ್ ಹೊರಡುವ ತುದಿಗೆ) ಹಿಂದಿರುಗುತ್ತದೆ. ಸರಿಯಾದ ದಿಕ್ಕಿನಲ್ಲಿ ಬಂದರೆ ಅದು ಆಂಪಿಗೆ ಕಡಿವಾಣ, ತಿರುಗಿ ಬಂದರೆ ಚಾಟಿ. ಕಂಪನಿಯ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಕೆಂಪು, ನೀಲಿ ಎಂದು ತಂತಿಗೆ ಬಣ್ಣವಿರುತ್ತಿತ್ತು. ರಿವೈಂಡಿಂಗ್ ಅಂಗಡಿಯವರು ನಾಲ್ಕಕ್ಕೂ ಒಂದೇ ಹಳದಿ ತೋಳು ಹಾಕಿ ಕೊಟ್ಟಿರುತ್ತಾರೆ. ಸರಿ ಕೂರುವುದು, ತಪ್ಪಿ ಕೂರುವುದು ನಾಣ್ಯ ಚಿಮ್ಮಿದ ಹಾಗೆ.

ಆ 22 ಕಿಲೋಓಮ್‌ನ ಒಂದು ತುದಿಯ ಬೆಸುಗೆ ಬಿಚ್ಚಿ ಆನ್ ಮಾಡಿ. ಕಿರುಚಾಟ ನಿಂತರೆ ಅನುಮಾನವೇ ಬೇಡ. ಸೆಕೆಂಡರಿಯ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ ಸ್ಪೀಕರ್ ಕಡೆಯ ಸುರುಳಿಯ, ಎರಡು ತಂತಿಗಳನ್ನು ಅದಲುಬದಲು ಮಾಡಿ: ಷಾಸಿಗೆ ಹೋಗಿದ್ದದ್ದು ಸ್ಪೀಕರ್‌ಗೆ, ಸ್ಪೀಕರ್‌ಗೆ ಹೋಗಿದ್ದದ್ದು ಷಾಸಿಗೆ. ವಾಲ್ವ್ ಕಡೆಯ ಸುರುಳಿಯಾದ ಪ್ರೈಮರಿಯನ್ನು ತಿರುಗಿಸಿದರೂ ಫಲ ಅದೇ. ಆದರೆ ಹೈ ವೋಲ್ಟೇಜಿನ ತಂಟೆ ಯಾಕೆ? ನಂತರ ರೆಸಿಸ್ಟರನ್ನು ಮರಳಿ ಕೂರಿಸಿ. ನಾನು ಹಳೆಯ ರೇಡಿಯೊದ ಸಾಮಾನಿನಿಂದ ಕಟ್ಟಿದ ಆಂಪಿನಲ್ಲಿ ಇದೇ ತಪ್ಪು ಮಾಡಿ, ಬಿಇಎಲ್ ಮಾಡಿದ್ದ ಇಎಲ್84 ವಾಲ್ವ್‌ಗಳಿಗಾಗಿ ಎರಡು ಊರು ಅಲೆದಿದ್ದೆ. ಇದ್ದ ವಾಲ್ವ್ ಚೆನ್ನಾಗಿಯೇ ಇತ್ತು.

ಕೇಳಿದವರು, ನಾಲ್ಕು ದಿನಗಳ ನಂತರ:

ಬಿದಿರು ಕಡ್ಡಿಯಿಂದ ಏನೂ ಪ್ರಯೋಜನವಾಗಲಿಲ್ಲ. 22 ಕಿಲೋಓಮ್ ಬಿಚ್ಚಿದೊಡನೆ ಕಿರುಚಾಟ ನಿಂತಿತು. ಮಹಡಿಯಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ ಆಂಪ್ ಸತ್ತಿತೇನೋ ಎಂದು ಹೆದರಿ ಗಿಟಾರ್ ಮೀಟಿ ನೋಡಿದೆ. ಸೆಕೆಂಡರಿ ತಿರುಗಿಸಿ ರೆಸಿಸ್ಟರ್ ಮರಳಿ ಹಾಕಿದ್ದೇನೆ, ಶಾಂತವಾಗಿದೆ. ಆದರೆ ಎರಡು ಕೊರಗು ಉಳಿದಿವೆ. ದಪ್ಪ ತಂತಿಗಳ ದನಿ ಡಬ್ಬಿಯೊಳಗಿನಿಂದ ಬಂದಂತೆ ತೆಳ್ಳಗೆ, ಜೋರಾಗಿ ಮೀಟಿದರೆ ಹರಿದುಹೋಗುತ್ತದೆ. ಜೊತೆಗೆ ಒಂದು ಗುಂಯ್ ಎನ್ನುವ ಹಮ್. 6ವಿ6ನ ಕ್ಯಾಥೋಡ್‌ನಲ್ಲಿ 20 ವೋಲ್ಟ್ ಇದೆ, ಅಲ್ಲಿನ ರೆಸಿಸ್ಟರ್ 470 ಓಮ್.

ಜಮಖಂಡಿಯಿಂದ:

20 ವೋಲ್ಟನ್ನು 470ರಿಂದ ಭಾಗಿಸಿದರೆ ಸುಮಾರು 42 ಮಿಲಿಆಂಪಿಯರ್. ವಾಲ್ವ್ ಸರಿಯಾಗಿಯೇ ದುಡಿಯುತ್ತಿದೆ. ಆ 42 ಮಿಲಿಆಂಪಿಯರ್ ಡಿಸಿಯ ಬಹುಪಾಲು ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಸದಾ ಒಂದೇ ದಿಕ್ಕಿಗೆ ಹರಿಯುತ್ತಿರುತ್ತದೆ. ಮೈಕ್ ಸೆಟ್ಟಿನ ದೊಡ್ಡ ಆಂಪ್ಲಿಫೈಯರ್‌ಗಳಲ್ಲಿ ಎರಡು ವಾಲ್ವ್ ಎದುರುಬದುರು ಎಳೆಯುವುದರಿಂದ ಡಿಸಿಯ ಪ್ರಭಾವ ಪರಸ್ಪರ ಕಳೆದುಹೋಗುತ್ತದೆ. ಒಂಟಿ ವಾಲ್ವಿನಲ್ಲಿ ಕಳೆಯುವವರು ಯಾರೂ ಇಲ್ಲ, ಹಾಗಾಗಿ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಕೋರಿನ ನಡುವೆ ಸಣ್ಣ ಸಂದು ಬಿಡಲೇಬೇಕು. ಇಲ್ಲವಾದರೆ ಕೋರ್ ಆ ಡಿಸಿಯಲ್ಲೇ ತುಂಬಿಹೋಗಿ, ಮೊದಲು ಸಾಯುವುದು ಮಂದ್ರದ ಸ್ವರ.

ನಮ್ಮ ಕಾಕಾ ಜಾತ್ರೆ, ನಾಟಕಗಳಿಗೆ ಮೈಕ್ ಸೆಟ್ ಒದಗಿಸುತ್ತಿದ್ದರು. ಹಾರ್ಮೋನಿಯಂಗೆಂದು ಒಂದು ವಾಲ್ವಿನ ಚಿಕ್ಕ ಆಂಪ್ ಮಾಡಿದಾಗ ಅವರೂ ಇಲ್ಲಿ ಎಡವಿದ್ದರು. ಸ್ಟೆಬಿಲೈಸರ್ ಸುತ್ತುವವರಿಗೆ ಸ್ಟ್ಯಾಂಪಿಂಗ್‌ನ, ಅಂದರೆ ಕೋರಿನ ತಗಡಿನ, ಇಂಗ್ಲಿಷ್ ಇ ಮತ್ತು ಐ ಆಕಾರದ ತುಂಡುಗಳನ್ನು ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ ಹೆಣೆದು ಜೋಡಿಸುವುದು ಅಭ್ಯಾಸ. ಅವರ ಕೆಲಸಕ್ಕೆ ಅದೇ ಸರಿ, ಅವರದೇನೂ ತಪ್ಪಿಲ್ಲ. ನಿಮ್ಮದನ್ನು ಮಾತ್ರ ಬಿಚ್ಚಿಸಿ, ಇ ಎಲ್ಲ ಒಂದೇ ಕಡೆ, ಐ ಎಲ್ಲ ಇನ್ನೊಂದು ಕಡೆ ಸೇರಿಸಿ, ನಡುವೆ ಬರೆಯುವ ಹಾಳೆಯ ಒಂದು ಪದರ ಇಟ್ಟು ಬಿಗಿಯಲು ಹೇಳಿ. ಮತ್ತೆ ಸುತ್ತುವ ಅಗತ್ಯವಿಲ್ಲ.

ಬಾಗಲಕೋಟೆಯ ನವನಗರದಿಂದ:

ಈ ಸಂದಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಮ್ ಬಗ್ಗೆ: ಗಿಟಾರನ್ನೇ ಮೀಟರ್ ಮಾಡಿಕೊಳ್ಳಿ. ಆರನೇ ತಂತಿಯ ಮೂರನೇ ಫ್ರೆಟ್ 98 ಹರ್ಟ್ಸ್. ಹಮ್ ಅದರ ಸಮಕ್ಕೆ ಕೇಳಿಸಿದರೆ 100 ಹರ್ಟ್ಸ್, ಅಂದರೆ ಫಿಲ್ಟರ್ ಕಂಡೆನ್ಸರ್ ಅಥವಾ ಅದರ ಗ್ರೌಂಡ್. ಒಂದು ಸ್ಥಾಯಿ ಕೆಳಗಿದ್ದರೆ 50, ಆಗ ವಾಲ್ವ್‌ಗಳನ್ನು ಬಿಸಿಮಾಡುವ ಹೀಟರ್ ತಂತಿಗಳ ಕಡೆ ನೋಡಿ. 12ಎಎಕ್ಸ್7 ಕಿತ್ತರೂ ಹಮ್ ಉಳಿದರೆ ಮೊದಲನೆಯದರ ಅನುಮಾನ ಗಟ್ಟಿಯಾಗುತ್ತದೆ.

ಕೇಳಿದವರು, ಮುಂದಿನ ವಾರ:

ಹಮ್ ಮೂರನೇ ಫ್ರೆಟ್ಟಿಗೆ ಸರಿಯಾಗಿ ಕೂತಿತು, 12ಎಎಕ್ಸ್7 ಕಿತ್ತರೂ ಹೋಗಲಿಲ್ಲ. ಹೊಸ ಕಂಡೆನ್ಸರ್‌ಗಳ ಗ್ರೌಂಡ್ ಟ್ಯಾಗ್ ಬಿಚ್ಚಿದಾಗ ನಾಚಿಕೆಯಾಯಿತು. ಷಾಸಿಗೆ ನಾನೇ ಬಳಿದಿದ್ದ ಕಪ್ಪು ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿದ್ದೆ. ಉಪ್ಪುಕಾಗದದಲ್ಲಿ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಈಗ ಸ್ಪೀಕರ್‌ಗೆ ಕಿವಿ ಹಚ್ಚಿದರೆ ಮಾತ್ರ ಕೇಳಿಸುತ್ತದೆ, ಇರಲಿ.

ಟ್ರಾನ್ಸ್‌ಫಾರ್ಮರ್ ಒಯ್ದಾಗ ಅಂಗಡಿಯವರು ಮೊದಲು ಒಪ್ಪಲಿಲ್ಲ. "ಸಂದು ಬಿಟ್ಟರೆ ಗುಂಯ್‌ಗುಟ್ಟುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ" ಎಂದರು. ನನ್ನ ಎದುರಿಗೇ ಬಿಚ್ಚಿದರು. ಜಮಖಂಡಿಯವರು ಹೇಳಿದಂತೆಯೇ ಹೆಣೆದು ಜೋಡಿಸಿತ್ತು. ಅವರ ಬಿಲ್ ಪುಸ್ತಕದ ಹಾಳೆಯನ್ನೇ ಕತ್ತರಿಸಿ ನಡುವೆ ಇಟ್ಟು ಬಿಗಿದರು. ಮನೆಗೆ ಬಂದು ಆರನೇ ತಂತಿ ಮೀಟಿದಾಗ ಮಹಡಿಯ ಕಿಟಕಿಯ ಗಾಜು ಸಣ್ಣಗೆ ಅದುರಿತು. ಮರುದಿನ ಅಂಗಡಿಯವರೇ ಫೋನ್ ಮಾಡಿ "ಏನಾಯಿತು, ಗುಂಯ್‌ಗುಟ್ಟಿತೇ?" ಎಂದು ಕೇಳಿದರು.

ಇನ್ನೊಂದೇ ಒಂದು ಪ್ರಶ್ನೆ: ಆಫ್ ಮಾಡಿದ ಮೇಲೆ ವಾಲ್ವ್‌ಗಳ ಕಡೆಯಿಂದ ಟಿಣ್ ಟಿಣ್ ಎಂದು ಸದ್ದು ಬರುತ್ತದೆ.

ವಿಜಯಪುರದಿಂದ:

ಗಾಜು, ಲೋಹ ತಣ್ಣಗಾಗುವ ಸದ್ದು ಅದು. ಬಿಚ್ಚಬೇಡಿ!