ಶೈನಿ ಡ್ಯಾಶ್‌ಬೋರ್ಡ್‌ನಲ್ಲಿ ಇಮೋಜಿ ಸರಿ ಬರ್ತಿಲ್ಲ: ದ್ರಾಕ್ಷಿ ಬದಲು ಖಾಲಿ ಚೌಕ, ಲಿಂಬೆ ಎರಡು ತುಂಡು

ಪ್ರಶ್ನೆ (ಇಂಡಿ, ವಿಜಯಪುರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಕಡೆ ಬೆಳೆಗಾರರಿಗೆ ಲಿಂಬೆ, ದ್ರಾಕ್ಷಿ ದರ ತೋರಿಸೋಕೆ ಶೈನಿಯಲ್ಲಿ (ಆರ್ ಪ್ರೋಗ್ರಾಮಿಂಗ್ ಭಾಷೆಯಿಂದ ವೆಬ್ ಪುಟ ಮಾಡೋ ಪ್ಯಾಕೇಜ್) ಒಂದು ಸಣ್ಣ ಡ್ಯಾಶ್‌ಬೋರ್ಡ್ ಮಾಡ್ತಿದ್ದೇನೆ. ಓದಲು ಬಾರದ ಹಿರಿಯರೂ ನೋಡ್ತಾರೆ, ಅದಕ್ಕೇ ಹೆಸರಿನ ಪಕ್ಕ ಇಮೋಜಿ ಬೇಕೇ ಬೇಕು.

ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಆರ್ 4.1 ಇದೆ. ಅಲ್ಲಿ 🍇 ಪ್ರಿಂಟ್ ಮಾಡಿದ್ರೆ <ಯು+0001ಎಫ್347> ಅಂತ ಬರುತ್ತೆ. ಉಬುಂಟು ಸರ್ವರ್‌ಗೆ ಹಾಕಿದ್ರೆ ಟೇಬಲ್‌ನಲ್ಲಿ ದ್ರಾಕ್ಷಿ ಸರಿಯಾಗಿದೆ, ಆದ್ರೆ ಜಿಜಿಪ್ಲಾಟ್ ಪ್ಯಾಕೇಜ್ ಬಿಡಿಸೋ ಗ್ರಾಫ್‌ನಲ್ಲಿ ಮಾತ್ರ ಖಾಲಿ ಚೌಕ. ಇನ್ನು ಹಸಿರು ಲಿಂಬೆ ನನ್ನ ಫೋನ್‌ನಲ್ಲಿ ಚೆನ್ನಾಗಿ ಕಾಣುತ್ತೆ, ಅಪ್ಪನ ಹಳೆ ಫೋನ್‌ನಲ್ಲಿ ಹಳದಿ ಲಿಂಬೆ, ಅದರ ಪಕ್ಕ ಒಂದು ಹಸಿರು ಚೌಕ. ಮೂರು ದಿನದಿಂದ ಇದರಲ್ಲೇ ಕೂತಿದ್ದೇನೆ, ಯಾರಾದ್ರೂ ದಾರಿ ತೋರಿಸಿ.

ಉತ್ತರ (ಬೆಳಗಾವಿ)

ಮೊದಲು ಆರ್ ಅಪ್‌ಡೇಟ್ ಮಾಡಿ. 2022ರ ಏಪ್ರಿಲ್‌ನಲ್ಲಿ ಬಂದ 4.2.0ರಿಂದ ವಿಂಡೋಸ್‌ನಲ್ಲೂ ಆರ್ ಯುಟಿಎಫ್-8ನಲ್ಲೇ (ಎಲ್ಲ ಭಾಷೆಯ ಅಕ್ಷರ, ಇಮೋಜಿ ಹಿಡಿಸೋ ಸಂಕೇತ ಪದ್ಧತಿ) ಕೆಲಸ ಮಾಡುತ್ತೆ. ವಿಂಡೋಸ್ 10ರ 1903 ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇರಬೇಕು. ಪ್ಯಾಕೇಜ್‌ಗಳನ್ನ ಮತ್ತೆ ಇನ್‌ಸ್ಟಾಲ್ ಮಾಡ್ಬೇಕಾಗುತ್ತೆ, ಅಷ್ಟೆ.

ಉತ್ತರ (ಬಾಗಲಕೋಟೆ)

ತಮ್ಮಾ, ನೀನು ಮೂರನ್ನೂ ಒಂದೇ ತೊಂದರೆ ಅಂದ್ಕೊಂಡಿದ್ದೀಯ. ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ಮೇಲಿನವರು ಹೇಳಿದ್ದು ಸರಿ: ಹಳೆ ಆರ್ ವಿಂಡೋಸ್‌ನ ಕೋಡ್ ಪೇಜ್ (ಕೆಲವೇ ಅಕ್ಷರಗಳ ಹಳೆ ಪಟ್ಟಿ) ಬಳಸ್ತಿತ್ತು, ಅದರಲ್ಲಿ ಇಮೋಜಿಗೆ ಜಾಗವೇ ಇಲ್ಲ.

ಟೇಬಲ್‌ನಲ್ಲಿ ಬಂದದ್ದು ಗ್ರಾಫ್‌ನಲ್ಲಿ ಯಾಕೆ ಬರಲಿಲ್ಲ ಅಂದ್ರೆ, ಟೇಬಲ್ ಬರೀ ಅಕ್ಷರವಾಗಿ ಬ್ರೌಸರ್‌ಗೆ ಹೋಗುತ್ತೆ, ಅದನ್ನ ಬಿಡಿಸೋದು ನೋಡುವವರ ಫೋನ್‌ನ ಫಾಂಟ್. ಗ್ರಾಫ್ ಹಾಗಲ್ಲ, ಅದು ಸರ್ವರ್‌ನಲ್ಲೇ ಪಿಎನ್‌ಜಿ ಚಿತ್ರವಾಗಿ ತಯಾರಾಗಿ ಬರುತ್ತೆ, ಹಾಗಾಗಿ ಸರ್ವರ್‌ನಲ್ಲಿ ಫಾಂಟ್ ಇಲ್ಲ ಅಂದ್ರೆ ನಿನ್ನ ಫೋನ್ ಎಷ್ಟು ಹೊಸದಿದ್ರೂ ಚೌಕವೇ ಕಾಣೋದು. ಉಬುಂಟುವಿನಲ್ಲಿ ನೋಟೋ ಕಲರ್ ಇಮೋಜಿ ಫಾಂಟ್ ಹಾಕು, ಆಮೇಲೆ ಆರ್‌ನಲ್ಲಿ ರ‍್ಯಾಗ್ ಪ್ಯಾಕೇಜ್ (ಗ್ರಾಫನ್ನ ಚಿತ್ರವಾಗಿ ಬಿಡಿಸೋದು) ಹಾಕಿ ಶೈನಿ ಸರ್ವರ್ ರೀಸ್ಟಾರ್ಟ್ ಮಾಡು. ರ‍್ಯಾಗ್ ಇದ್ರೆ ಈಗಿನ ಶೈನಿ ತಾನಾಗೇ ಅದನ್ನ ಬಳಸುತ್ತೆ, ಕೋಡ್ ಮುಟ್ಟಬೇಕಿಲ್ಲ. ಬಣ್ಣದ ಇಮೋಜಿಯೂ ಬರುತ್ತೆ. ಜೊತೆಗೆ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಕೂಡ ಹಾಕಿಬಿಡು, ‘ದ್ರಾಕ್ಷಿ’ಯ ಒತ್ತಕ್ಷರ ಬಿಟ್ಟುಹೋಗದೆ ಕೂಡಿಕೊಂಡು ಬರುತ್ತೆ. ನಮ್ಮ ಜನಕ್ಕೆ ಇಮೋಜಿಗಿಂತ ಇದು ಮುಖ್ಯ ಅಂತ ನನ್ನ ಅನಿಸಿಕೆ.

ಇನ್ನು ಲಿಂಬೆ. ಹಸಿರು ಲಿಂಬೆ ಒಂದು ಅಕ್ಷರವೇ ಅಲ್ಲ. ಹಳದಿ ಲಿಂಬೆ, ನಡುವೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಅಕ್ಷರ, ಕೊನೆಗೆ ಹಸಿರು ಚೌಕ: ಮೂರು ಸೇರಿ ಒಂದು ಚಿತ್ರ. 2023ರಲ್ಲಿ ಬಂದದ್ದು, ಇಮೋಜಿ 15.1. ಹಳೆ ಫಾಂಟ್‌ಗೆ ಈ ಜೋಡಣೆ ಗೊತ್ತಿಲ್ಲ, ಹಾಗಾಗಿ ಬಿಡಿಬಿಡಿಯಾಗಿ ತೋರಿಸುತ್ತೆ. ನಿನ್ನ ಕೋಡ್‌ನಲ್ಲಿ ತಪ್ಪಿಲ್ಲ. ಸುಮ್ನೆ 🍋 ಹಾಕು. ಹಣ್ಣಾದ ಲಿಂಬೆ ಹಳದಿಯೇ ಅಲ್ವಾ, ಯಾರಿಗೂ ಗೊಂದಲ ಆಗಲ್ಲ.

ಪ್ರಶ್ನೆ ಕೇಳಿದವರು

ಅಣ್ಣಾ, ಗ್ರಾಫ್‌ನಲ್ಲಿ ನೇರಳೆ ದ್ರಾಕ್ಷಿ ಬಂತ್ರೀ! ತುಂಬಾ ಖುಷಿಯಾಯ್ತು. ಒಂದೇ ಉಳಿದಿದೆ. ತಲೆಬರಹದಲ್ಲಿ ದ್ರಾಕ್ಷಿ ಇಮೋಜಿಯನ್ನ 1ಎಫ್347 ಅನ್ನೋ ಅದರ ಕೋಡ್ ನಂಬರ್‌ನಿಂದ ಬರೆದಿದ್ದೆ, ಅಲ್ಲಿ ಯಾವುದೋ ಗ್ರೀಕ್ ಅಕ್ಷರ, ಅದರ ಪಕ್ಕ 7 ಅಂತ ಬರ್ತಿದೆ.

ಉತ್ತರ (ಬಾಗಲಕೋಟೆ)

ಬ್ಯಾಕ್‌ಸ್ಲ್ಯಾಶ್ ಆದ ಮೇಲೆ ಸಣ್ಣ ಯು ಹಾಕಿದ್ದೀಯ. ಸಣ್ಣ ಯು ನಾಲ್ಕೇ ಅಂಕಿ ಓದುತ್ತೆ. 1ಎಫ್34 ಅಂದ್ರೆ ಒಂದು ಗ್ರೀಕ್ ಅಕ್ಷರ, ಕೊನೆಯ 7 ಹೊರಗೆ ಉಳೀತು. ದೊಡ್ಡ ಯು ಹಾಕಿ ಎಂಟು ಅಂಕಿ ಪೂರ್ತಿ ಬರಿ, ಮುಂದೆ ಮೂರು ಸೊನ್ನೆ ಸೇರಿಸಿ: 0001ಎಫ್347.

ಪ್ರಶ್ನೆ ಕೇಳಿದವರು

ಅದೇ ಆಗಿತ್ತು. ಈಗ ತಲೆಬರಹವೂ ಸರಿ ಆಯ್ತು. ಅಪ್ಪನ ಫೋನ್‌ನಲ್ಲೂ ತೆಗೆದು ನೋಡಿದೆ, ದ್ರಾಕ್ಷಿ, ಲಿಂಬೆ ಎರಡೂ ಸರಿಯಾಗಿ ಬರ್ತಿವೆ.